ಕಂತೆ, ಬಣವೆ, ದೋಣಿ: ಕೋಲ್ಕತ್ತಕ್ಕೆ ಹುಲ್ಲು ಒದಗಿಸಿದ ಹಳೆಯ ಪರಿಕರಗಳ ಚರಿತ್ರೆ

ಕೃಷಿ ಉಪಕರಣಗಳ ಅಧ್ಯಯನದಲ್ಲಿ ನೇಗಿಲು, ಕೂರಿಗೆ, ಏತಗಳಿಗೆ ದೊರೆತ ಗಮನ ಹುಲ್ಲು ಒಟ್ಟುವ ಪರಿಕರಗಳಿಗೆ ದೊರೆತಿಲ್ಲ. ಕಂತೆ ಕಟ್ಟುವ ಹುರಿ, ಕವೆಗೋಲು, ಏಣಿ, ನಡುಗಂಬ, ಅಡಿಯ ಅಟ್ಟಣೆ ಇವೆಲ್ಲ ಮರ, ಬಿದಿರು, ಹುಲ್ಲುಗಳಿಂದಲೇ ಆದವು. ಬಳಸಿ ಸವೆದ ಮೇಲೆ ಒಲೆ ಸೇರಿದವು. ಕೋಲ್ಕತ್ತಕ್ಕೆ ಭತ್ತದ ಹುಲ್ಲು ಪೂರೈಸಿದ ದಕ್ಷಿಣ ಬಂಗಾಳವನ್ನು ಮುಖ್ಯ ನಿದರ್ಶನವಾಗಿಟ್ಟುಕೊಂಡು, ಕರ್ನಾಟಕದ ರೂಢಿಗಳೊಡನೆ ಹೋಲಿಸುತ್ತ ಈ ಲೇಖನ ಮಂಡಿಸುವ ವಾದ ಇಷ್ಟು: ಹುಲ್ಲನ್ನು ಯಾವುದರಿಂದ, ಹೇಗೆ ಒಟ್ಟಬೇಕೆಂಬುದನ್ನು ತೀರ್ಮಾನಿಸಿದ್ದು ಒಕ್ಕಣೆಯ ವಿಧಾನ.

ಒಕ್ಕಣೆಯಿಂದ ಹುಟ್ಟಿದ ಎರಡು ಬಗೆ

ಬಂಗಾಳದ ರೈತರು ಒಕ್ಕಿದ ಹುಲ್ಲನ್ನು ಎರಡಾಗಿ ವಿಂಗಡಿಸುತ್ತಾರೆ. ಹಲಗೆಗೆ ಬಡಿದು ಕಾಳು ಉದುರಿಸಿದರೆ ದಂಟು ನೆಟ್ಟಗೆ ಉಳಿಯುತ್ತದೆ, ಅದು ‘ಬಿಚಾಲಿ’. ಎತ್ತುಗಳಿಂದ ತುಳಿಸಿದರೆ ಹುಲ್ಲು ಮುರಿದು ಸಿಕ್ಕುಸಿಕ್ಕಾಗುತ್ತದೆ, ಅದು ‘ಪೋಯಾಲ್’. ಕರ್ನಾಟಕದಲ್ಲೂ ಇದೇ ಭೇದವಿದೆ. ಕರಾವಳಿಯ ಹಡಿಮಂಚದ ಮೇಲೆ ಬಡಿದ ಹುಲ್ಲನ್ನು ಮತ್ತೆ ಕಂತೆ ಕಟ್ಟಬಹುದು. ಬಯಲುಸೀಮೆಯ ಕಣದಲ್ಲಿ ರೋಣಗಲ್ಲು ಉರುಳಿಸಿದ ಹುಲ್ಲನ್ನು ಕವೆಗೋಲಿನಿಂದ ಎತ್ತಿಯೇ ಒಟ್ಟಬೇಕು. ಎಂದರೆ, ಕವೆಗೋಲು ಮುಖ್ಯವಾಗಿ ಬೇಕಾದದ್ದು ತುಳಿದ ಹುಲ್ಲಿಗೆ. ಬಡಿದ ಹುಲ್ಲಿಗೆ ಹುರಿ ಮತ್ತು ಕೈಚಳಕ ಸಾಕಿತ್ತು.

20ನೇ ಶತಮಾನದಲ್ಲಿ ಬಂದ, ಕಾಲಿನಿಂದ ತುಳಿದು ತಿರುಗಿಸುವ ಒಕ್ಕಣೆ ಯಂತ್ರವೂ ಈ ವ್ಯವಸ್ಥೆಯನ್ನು ಕೆಡಿಸಲಿಲ್ಲ. ತಂತಿಯ ಕುಣಿಕೆಗಳಿದ್ದ ಅದರ ಉರುಳೆಗೆ ತೆನೆಯ ತುದಿಯನ್ನಷ್ಟೇ ಒಡ್ಡುತ್ತಿದ್ದುದರಿಂದ ದಂಟು ನೆಟ್ಟಗೇ ಉಳಿಯುತ್ತಿತ್ತು.

ಬಣವೆಯ ರಚನೆ

ಬಂಗಾಳದ ‘ಗಾದಾ’ ಅಥವಾ ‘ಪಾಲುಯಿ’, ನಮ್ಮ ಮಲೆನಾಡಿನ ಗೊಣಬೆ, ಕುಂದಾಪುರದ ಕಡೆಯ ಕುತ್ರಿ, ಬಯಲುಸೀಮೆಯ ಬಣವೆ ಎಲ್ಲವೂ ಎದುರಿಸುವುದು ಒಂದೇ ಶತ್ರುವನ್ನು: ನೀರು. ಅಡಿಯಲ್ಲಿ ಕಲ್ಲು ಅಥವಾ ಬಿದಿರಿನ ಅಟ್ಟಣೆ ಹಾಕಿ ನೆಲದ ತೇವ ತಪ್ಪಿಸುತ್ತಾರೆ. ಮಳೆ ಹೆಚ್ಚಿರುವ ಕಡೆ ನಡುವೆ ಕಂಬ ನೆಡುವುದುಂಟು. ಅದರ ಸುತ್ತ, ಬುಡ ಹೊರಕ್ಕೆ ತೆನೆ ಒಳಕ್ಕೆ ಇರುವಂತೆ ಕಂತೆಗಳನ್ನು ಜೋಡಿಸುತ್ತಾರೆ. ಒಳಭಾಗ ಸದಾ ಹೊರಭಾಗಕ್ಕಿಂತ ಒಂದಿಷ್ಟು ಎತ್ತರವಿರಬೇಕು. ಆಗ ಬಿದ್ದ ಮಳೆ ದಂಟಿನ ಇಳಿಜಾರಿನಲ್ಲೇ ಹೊರಕ್ಕೆ ಹರಿಯುತ್ತದೆ. ಈ ಓರೆ ತಪ್ಪಿದರೆ ನೀರು ಒಳಗಿಳಿದು ಹುಲ್ಲು ಮುಗ್ಗುತ್ತದೆ. ಮೇಲೆ ನಿಂತು ಒಟ್ಟುವವನು ಅನುಭವಿಯಾಗಿರಬೇಕಾದದ್ದು ಇದಕ್ಕಾಗಿಯೇ. ಕೆಳಗಿನಿಂದ ಕಂತೆ ಎಸೆಯುವ ಕೆಲಸವನ್ನು ಯಾರಾದರೂ ಮಾಡಬಹುದಿತ್ತು.

ಎಣಿಕೆ, ದೋಣಿ, ನಗರ

ಕಂತೆಯಾಗಿದ್ದುದರಿಂದಲೇ ಬಿಚಾಲಿ ಮಾರುಕಟ್ಟೆಯ ಸರಕಾಯಿತು. ಅದನ್ನು ತೂಗುತ್ತಿರಲಿಲ್ಲ, ಎಣಿಸುತ್ತಿದ್ದರು: 4 ಕಂತೆಗೆ 1 ಗಂಡಾ, 20 ಗಂಡಾಕ್ಕೆ 1 ಪಣ, 16 ಪಣಕ್ಕೆ 1 ಕಾಹನ, ಅಂದರೆ ಕಾಹನಕ್ಕೆ 1,280 ಕಂತೆ. ಹೊರನೋಟಕ್ಕೆ ದೋಣಿಯೇ ಕಾಣದಷ್ಟು ಎತ್ತರಕ್ಕೆ ಹುಲ್ಲು ಹೇರಿಕೊಂಡು ಹೂಗ್ಲಿ ನದಿಯಲ್ಲೂ ಕಾಲುವೆಗಳಲ್ಲೂ ದೋಣಿಗಳು ನಗರಕ್ಕೆ ಬರುತ್ತಿದ್ದವು. 1777ರ ಹೊತ್ತಿಗೆ ವಿಲಿಯಂ ಟಾಲಿ ಆದಿಗಂಗೆಯ ಹಳೆಯ ಪಾತ್ರವನ್ನು ಅಗೆಸಿ ತೆರೆದ ಟಾಲಿ ನಾಲೆ, 19ನೇ ಶತಮಾನದ ಸರ್ಕ್ಯುಲರ್ ಕಾಲುವೆ ಇಂಥ ಜಲಮಾರ್ಗಗಳು. ಮಟಿಯಾಬುರ್ಜಿನ ಬಿಚಾಲಿ ಘಾಟ್ ಇಂದಿಗೂ ಆ ವ್ಯಾಪಾರದ ಹೆಸರನ್ನು ಹೊತ್ತಿದೆ. 1856ರ ಮೇ ತಿಂಗಳಲ್ಲಿ ಪದಚ್ಯುತ ಅವಧ್ ನವಾಬ ವಾಜಿದ್ ಅಲಿ ಶಾ ಬಂದಿಳಿದದ್ದು ಅಲ್ಲಿಯೇ.

ನಗರದೊಳಗಿನ ‘ಖಟಾಲ್’ (ಹಾಲಿನ ದನಗಳ ಕೊಟ್ಟಿಗೆ)ಗಳ ಹಸು, ಎಮ್ಮೆಗಳಿಗೆ ಈ ಹುಲ್ಲು ಬೇಕಿತ್ತು. ಮಣ್ಣಿನ ಮೂರ್ತಿ ಮಾಡುವ ಕುಮಾರಟುಲಿಯ ಶಿಲ್ಪಿಗಳಿಗೆ ಇಂದಿಗೂ ಬೇಕು. ಬಿದಿರಿನ ಹಂದರದ ಮೇಲೆ ಹುಲ್ಲನ್ನು ಹಿಡಿಹಿಡಿಯಾಗಿ ಸೇರಿಸಿ, ಸೆಣಬಿನ ಹುರಿಯಿಂದ ಬಿಗಿದು ದುರ್ಗೆಯ ತೋಳು, ಸೊಂಟ, ತೊಡೆಗಳನ್ನು ಮೂಡಿಸಿದ ಮೇಲಷ್ಟೇ ಮಣ್ಣು ಮೆತ್ತುತ್ತಾರೆ. ಸಿಕ್ಕಾದ ಪೋಯಾಲಿನಿಂದ ಇಂಥ ನಯವಾದ ಅಂಗಸೌಷ್ಠವ ಬರಲಾರದು.

ಯಂತ್ರದ ಕಟ್ಟು

ಅಮೆರಿಕದಲ್ಲಿ ಬೇರೆಯೇ ಚರಿತ್ರೆ ನಡೆಯಿತು. ಎಡ್ವಿನ್ ನೋಲ್ಟ್ ರೂಪಿಸಿದ, ಹುಲ್ಲನ್ನು ತಾನೇ ಎತ್ತಿ ಹುರಿ ಬಿಗಿಯುವ ಬೇಲರ್ 1940ರ ಸುಮಾರಿಗೆ ನ್ಯೂ ಹಾಲೆಂಡ್ ಕಂಪನಿಯಿಂದ ಮಾರುಕಟ್ಟೆಗೆ ಬಂತು. ಅದು ಹೊಲದುದ್ದಕ್ಕೂ ಉದುರಿಸಿದ ಚಿಕ್ಕ ಕಟ್ಟುಗಳನ್ನು ಒಟ್ಟುಮಾಡಲು ಬೇಲರಿನ ಹಿಂದೆ ಎಳೆಯುವ ಜಾರುಬಂಡಿ ಹುಟ್ಟಿತು. ಅದರ ಮೇಲೆ ನಿಂತ ಆಳು ಕಟ್ಟುಗಳನ್ನು ಗುಪ್ಪೆಯಾಗಿ ಜೋಡಿಸಿ ಹೊಲದಲ್ಲೇ ಇಳಿಸುತ್ತಿದ್ದ.

ಬಂಗಾಳಕ್ಕೂ ಕರ್ನಾಟಕಕ್ಕೂ ಬೇಲರ್ ಬಂದದ್ದು ಕಟಾವು ಯಂತ್ರದ ಬೆನ್ನಿಗೆ. ಬರ್ಧಮಾನದಲ್ಲಾಗಲಿ, ನಮ್ಮ ಗಂಗಾವತಿ, ಸಿಂಧನೂರುಗಳಲ್ಲಾಗಲಿ ಕಟಾವು ಯಂತ್ರ ಹುಲ್ಲನ್ನು ಗದ್ದೆಯಲ್ಲೇ ಚೆಲ್ಲಿ ಹೋಗುತ್ತದೆ. ಅದನ್ನು ಬೇಲರ್ ಎತ್ತಬೇಕು, ಇಲ್ಲವೇ ರೈತ ಬೆಂಕಿಯಿಡುತ್ತಾನೆ. ಒಕ್ಕಣೆ ಬದಲಾದೊಡನೆ ಕಂತೆ, ಎಣಿಕೆ, ಬಣವೆ ಮೂರೂ ಒಟ್ಟಿಗೆ ಅಸ್ಥಿರವಾದವು.

ಉಪಸಂಹಾರ

ಹುಲ್ಲು ಸುಡುವುದನ್ನು ರೈತನ ಉದಾಸೀನವೆಂದು ಬೈಯುವವರು ಈ ಸರಪಳಿಯನ್ನು ಗಮನಿಸಬೇಕು. ನೆಟ್ಟನೆಯ ದಂಟು ಉಳಿದಿದ್ದಷ್ಟು ಕಾಲ ಹುಲ್ಲಿಗೆ ಲೆಕ್ಕವಿತ್ತು, ಬೆಲೆಯಿತ್ತು, ಕೊಳ್ಳುವ ನಗರವಿತ್ತು. ಕೃಷಿ ವಸ್ತುಸಂಗ್ರಹಾಲಯಗಳು ಕವೆಗೋಲನ್ನು ಗೋಡೆಗೆ ತೂಗುಹಾಕಿದರೆ ಸಾಲದು. ಕಂತೆ ಕಟ್ಟುವ ಗಂಟು, ಬಣವೆಯ ಓರೆ, ಎಣಿಕೆಯ ಕ್ರಮಗಳನ್ನು ಬಲ್ಲ ಹಿರಿಯರು ಇರುವಾಗಲೇ ಅವರ ಕೈಯಿಂದ ಮಾಡಿಸಿ ದಾಖಲಿಸಬೇಕು. ಆ ಜ್ಞಾನವೇ ಇಲ್ಲಿನ ಮುಖ್ಯ ಉಪಕರಣ.