ಮೋಟಾರಿನಲ್ಲಿ ಮೂವರು

ಪಂದ್ಯ ಕಟ್ಟುವ ಮನುಷ್ಯ ಚರಿತ್ರೆಯ ಯೋಚನೆ ಮಾಡುವುದು ಅಪರೂಪ. ಎದುರಿಗೆ ಕುಳಿತವನ ಮಾತು ಸುಳ್ಳೆಂದು ತೋರಿಸಿಕೊಟ್ಟರೆ ಅವನಿಗೆ ಅಷ್ಟೇ ಸಾಕು. 1903ರ ಮೇ ತಿಂಗಳಿನಲ್ಲಿ, ಅಮೆರಿಕದ ಪಶ್ಚಿಮ ಕರಾವಳಿಯ ಸ್ಯಾನ್ ಫ್ರಾನ್ಸಿಸ್ಕೋ ನಗರದ ಒಂದು ಕ್ಲಬ್ಬಿನಲ್ಲಿ ಅಂಥ ಪಂದ್ಯವೊಂದು ನಡೆಯಿತು. ಮೋಟಾರು ಗಾಡಿ ಎಂಬುದು ಸಿರಿವಂತರ ಆಟದ ಸಾಮಾನು. ಊರಿನ ಬೀದಿ ದಾಟಿದರೆ ಅದು ಕೆಲಸಕ್ಕೆ ಬಾರದು. ಅದರಲ್ಲಿ ಕುಳಿತು ದೇಶದ ಈ ಕಡಲಿನಿಂದ ಆ ಕಡಲಿಗೆ ಹೋಗುತ್ತೇನೆನ್ನುವುದು ಹುಚ್ಚುತನ ಎಂದು ಅಲ್ಲಿದ್ದವರು ವಾದಿಸುತ್ತಿದ್ದರು. ಅವರ ನಡುವೆ ಇದ್ದವನು ಹೊರೇಷಿಯೋ ನೆಲ್ಸನ್ ಜ್ಯಾಕ್ಸನ್. ಪೂರ್ವದ ವರ್ಮಾಂಟ್ ಸಂಸ್ಥಾನದವನು, ವೃತ್ತಿಯಿಂದ ವೈದ್ಯ, ವಯಸ್ಸು 31. ಹೆಂಡತಿಯ ತವರು ಶ್ರೀಮಂತವಾದದ್ದು. ತೊಂಬತ್ತು ದಿನಗಳೊಳಗೆ ನ್ಯೂಯಾರ್ಕ್ ಮುಟ್ಟುತ್ತೇನೆಂದು ಅವನು 50 ಡಾಲರು ಪಂದ್ಯ ಕಟ್ಟಿದ. ಅವನಲ್ಲಿ ಮೋಟಾರಿರಲಿಲ್ಲ, ಅದನ್ನು ನಡೆಸಿದ ಅನುಭವ ಅಷ್ಟಕ್ಕಷ್ಟೆ, ಮಾರ್ಗ ತೋರುವ ಭೂಪಟವೂ ಇರಲಿಲ್ಲ. ಇದ್ದದ್ದು ಹುಮ್ಮಸ್ಸು ಮತ್ತು ಹಣ. ಈ ಎರಡರಿಂದ ಲೋಕದಲ್ಲಿ ಎಷ್ಟೋ ಕೆಲಸ ನಡೆಯುತ್ತದೆ, ಆದರೆ ಕೆಟ್ಟುನಿಂತ ಯಂತ್ರ ನಡೆಯುವುದಿಲ್ಲ. ಅದಕ್ಕೆ ಬೇರೊಂದು ಕೈ ಬೇಕು.

ಆ ಕೈ ಸ್ಯೂಯಲ್ ಕ್ರಾಕರ್ ಎಂಬ ತರುಣನದು. ವಾಯವ್ಯದ ಟಕೋಮ ಎಂಬ ಊರಿನವನು, ಇಪ್ಪತ್ತೆರಡರ ಪ್ರಾಯ. ಬೈಸಿಕಲ್ ಪಂದ್ಯಗಳಲ್ಲಿ ಓಡಿಸಿದವನು. ಪೆಟ್ರೋಲು ಯಂತ್ರಗಳ ಕೆಲಸ ಬಲ್ಲವನು. ವಿಂಟನ್ ಕಂಪೆನಿಯ ಗಾಡಿಯನ್ನೇ ಕೊಳ್ಳಬೇಕೆಂದು ಸೂಚಿಸಿದವನೂ ಅವನೇ. ಜ್ಯಾಕ್ಸನ್ ಯಾರೋ ಬಳಸಿದ್ದ ಗಾಡಿಯೊಂದನ್ನು ಹೊಸದರ ಬೆಲೆಗಿಂತಲೂ ಹೆಚ್ಚು ಕೊಟ್ಟು, 3,000 ಡಾಲರಿಗೆ ಕೊಂಡು, ಅದಕ್ಕೆ ತನ್ನ ಸಂಸ್ಥಾನದ ಹೆಸರನ್ನೇ ಇಟ್ಟು ‘ವರ್ಮಾಂಟ್’ ಎಂದು ಕರೆದ. ಎರಡು ಸಿಲಿಂಡರು, 20 ಅಶ್ವಶಕ್ತಿ, ಬಲಗಡೆಗೆ ಚುಕ್ಕಾಣಿಯ ಚಕ್ರ, ಹಿಂದಿನ ಗಾಲಿಗಳನ್ನು ಎಳೆಯಲು ಸರಪಣಿ. ಮೇಲೆ ಚಾವಣಿ ಇಲ್ಲ, ಮುಂದೆ ಗಾಳಿ ತಡೆಯುವ ಗಾಜೂ ಇಲ್ಲ. ಹಿಂದಿನ ಆಸನವನ್ನು ಕಿತ್ತು, ಆ ಜಾಗದಲ್ಲಿ ಕಂಬಳಿ, ಕೊಡಲಿ, ಸಲಿಕೆ, ರಾಟೆ-ಹಗ್ಗ, ಬಂದೂಕು, ಕ್ಯಾಮೆರಾ, ಪೆಟ್ರೋಲು ಮತ್ತು ಎಣ್ಣೆಯ ಡಬ್ಬಗಳನ್ನು ಹೇರಿದರು. ಪಂದ್ಯ ಕಟ್ಟಿ ವಾರ ತುಂಬುವುದರೊಳಗೆ, ಮೇ 23ರಂದು, ಇಬ್ಬರೂ ಹೊರಟೇಬಿಟ್ಟರು. ಶ್ರೀಮತಿ ಜ್ಯಾಕ್ಸನ್ ರೈಲಿನಲ್ಲಿ ಊರಿಗೆ ಹೊರಟರು. ಇಬ್ಬರಲ್ಲಿ ವಿವೇಕಿ ಯಾರೆಂದು ಹೇಳಬೇಕಾಗಿಲ್ಲ.

ಇಂದು ನಮಗೆ ಮೋಟಾರು ಎಂದೊಡನೆ ರಸ್ತೆ ನೆನಪಾಗುತ್ತದೆ. ಒಂದಿಲ್ಲದೆ ಇನ್ನೊಂದನ್ನು ಕಲ್ಪಿಸಿಕೊಳ್ಳಲಾರೆವು. ಆದರೆ ಚರಿತ್ರೆಯಲ್ಲಿ ಮೋಟಾರು ಮೊದಲು ಬಂತು, ಅದಕ್ಕೆ ತಕ್ಕ ರಸ್ತೆ ಆಮೇಲೆ ಬಂತು. 1903ರಲ್ಲಿ ಅಮೆರಿಕದ ದೊಡ್ಡ ಊರುಗಳ ಹೊರಗೆ ಕಲ್ಲು ಹಾಸಿದ ರಸ್ತೆ ಇಲ್ಲವೆಂದರೂ ನಡೆಯುತ್ತಿತ್ತು. ಇದ್ದದ್ದು ಕುದುರೆ ಗಾಡಿಯ ಜಾಡು, ದನ ಓಡಾಡುವ ದಾರಿ, ಒಣಗಿದ ಹಳ್ಳದ ಪಾತ್ರ. ಪೆಟ್ರೋಲಿಗೆ ಪ್ರತ್ಯೇಕ ಬಂಕುಗಳಿರಲಿಲ್ಲ. ದಿನಸಿ ಅಂಗಡಿಯಲ್ಲೋ ಔಷಧಿ ಅಂಗಡಿಯಲ್ಲೋ ಸಿಕ್ಕಿದಷ್ಟನ್ನು ಕೊಳ್ಳಬೇಕು. ಆ ಗಾಡಿಯನ್ನು ತಯಾರಿಸಿದ ಅಲೆಗ್ಸಾಂಡರ್ ವಿಂಟನ್ನನೇ 1901ರಲ್ಲಿ ಇದೇ ಸಾಹಸಕ್ಕೆ ಕೈಹಾಕಿ, ನೆವಾಡದ ಮರಳಿನಲ್ಲಿ ಹೂತುಕೊಂಡು, ಕೈಚೆಲ್ಲಿ ಹಿಂತಿರುಗಿದ್ದ. ಆದ್ದರಿಂದ ನಮ್ಮವರು ಮರುಭೂಮಿಯನ್ನು ಬಿಟ್ಟು, ಉತ್ತರಕ್ಕೆ ಆರಿಗನ್ನಿನ ಕಡೆಯಿಂದ ಬಳಸಿ ಹೋಗುವ ಮಾರ್ಗ ಹಿಡಿದರು.

ಹೊರಟು ಹದಿನೈದು ಮೈಲಿ ಹೋಗುವಷ್ಟರಲ್ಲಿ ಒಂದು ಟೈರು ಒಡೆಯಿತು. ಅಲ್ಲಿಂದ ಮುಂದಿನ ಕಥೆಯೆಲ್ಲ ಒಡೆಯುವುದರ ಮತ್ತು ಕಟ್ಟುವುದರ ಕಥೆ. ಗುಡ್ಡಗಾಡಿನ ಕುಲುಕಾಟದಲ್ಲಿ ಸಾಮಾನುಗಳು ಒಂದೊಂದಾಗಿ ಉದುರಿಹೋದವು. ಗಾಡಿಯ ಸದ್ದಿನಲ್ಲಿ ಅವು ಬಿದ್ದದ್ದೂ ಕೇಳಿಸಲಿಲ್ಲ. ದಾರಿ ಕೇಳಿದಾಗ ಒಬ್ಬಾಕೆ ಬೇಕೆಂತಲೇ ತಪ್ಪು ದಿಕ್ಕಿಗೆ ಕೈತೋರಿಸಿದಳು. ಐವತ್ತು ಮೈಲಿಗೂ ಹೆಚ್ಚು ದೂರ ಹೋದಮೇಲೆ ದಾರಿ ಒಂದು ಹೊಲಮನೆಯಲ್ಲಿ ಮುಗಿಯಿತು. ಅದು ಆಕೆಯ ತವರಿನವರ ಮನೆ! ಅವರು ಮೋಟಾರನ್ನು ಕಂಡವರೇ ಅಲ್ಲ; ನೋಡಲಿ ಎಂದು ಕಳಿಸಿದ್ದಳಂತೆ. ಬಂದಷ್ಟೇ ದೂರ ಹಿಂತಿರುಗಬೇಕಾಯಿತು. ಕೋಪ ಬರುವ ಸಂಗತಿಯೇ. ಆದರೂ ತವರಿನವರು ಬೆರಗಾಗಲೆಂದು ಆ ಹೆಣ್ಣುಮಗಳು ಹೂಡಿದ ಉಪಾಯವನ್ನು ಓದುವಾಗ ನನಗಂತೂ ನಗು ಬರುತ್ತದೆ.

ಆರಿಗನ್ನಿನ ಬಯಲಿನಲ್ಲಿ ಪೆಟ್ರೋಲು ಮುಗಿಯಿತು. ಕ್ರಾಕರ್ ಒಂದು ಬೈಸಿಕಲ್ಲನ್ನು ಬಾಡಿಗೆಗೆ ಹಿಡಿದು, ಇಪ್ಪತ್ತೈದು ಮೈಲಿಯಾಚೆಯ ಬರ್ನ್ಸ್ ಎಂಬ ಊರಿಗೆ ಹೋದ. ದಾರಿಯಲ್ಲಿ ಅದರ ಟೈರೂ ಹೋಯಿತು. ಅಂತೂ ಡಬ್ಬಗಳನ್ನು ಹೊತ್ತು ಬಂದ. ಇನ್ನೊಮ್ಮೆ ಗಾಡಿ ಕೆಟ್ಟಾಗ, ಕುದುರೆಯ ಮೇಲೆ ಬಂದ ದನಗಾಹಿಯೊಬ್ಬ ಹಗ್ಗ ಬಿಗಿದು ಅದನ್ನು ಹತ್ತಿರದ ಬೀಡಿಗೆ ಎಳೆದೊಯ್ದ. ಗಾಲಿಯ ಬೇರಿಂಗು ಸವೆದು ಪುಡಿಯಾದಾಗ, ಕ್ರಾಕರ್ ಒಬ್ಬ ರೈತನ ಮನವೊಲಿಸಿ ಅವನ ಹುಲ್ಲು ಕೊಯ್ಯುವ ಯಂತ್ರದಿಂದ ಗುಂಡುಗಳನ್ನು ಬಿಚ್ಚಿಸಿಕೊಂಡು ಇದಕ್ಕೆ ಹಾಕಿದ. ಊರೂರಿನ ಕಮ್ಮಾರರ ಕುಲುಮೆಗಳಲ್ಲಿ ಈ ಹೊಸ ಯಂತ್ರಕ್ಕೆ ಹಳೆಯ ಕಬ್ಬಿಣದ ಬೆಸುಗೆ ಬಿತ್ತು. ಅಲ್ಲಿಯೂ ಆಗದ್ದಕ್ಕೆ ಕಾರ್ಖಾನೆಗೆ ತಂತಿ ಕೊಟ್ಟು, ಬಿಡಿಭಾಗ ಬರುವವರೆಗೆ ದಿನಗಟ್ಟಲೆ ಕಾದರು. ಅವು ಬರುತ್ತಿದ್ದದ್ದು ರೈಲಿನಲ್ಲಿ, ಇಲ್ಲವೆ ಕುದುರೆ ಸಾರೋಟಿನಲ್ಲಿ. ರೈಲನ್ನೂ ಕುದುರೆಯನ್ನೂ ಮುಂದೆ ಮೂಲೆಗೆ ತಳ್ಳಲಿದ್ದ ಯಂತ್ರ ತನ್ನ ಮೊದಲ ದೀರ್ಘಯಾತ್ರೆಯನ್ನು ಅವೆರಡರ ಕೃಪೆಯಿಂದಲೇ ನಡೆಸಿತು ಎಂಬುದನ್ನು ಗಮನಿಸಬೇಕು. ಹೊಸತು ಹಳತನ್ನು ಸೋಲಿಸಿತು ಎಂದು ನಾವು ಒಂದೇ ಮಾತಿನಲ್ಲಿ ಹೇಳಿಬಿಡುತ್ತೇವೆ. ಹೊಸತು ನಡೆ ಕಲಿಯುವಾಗ ಹಳತೇ ಕೈಹಿಡಿದಿರುತ್ತದೆ ಎಂಬ ಮಾತು ಬಿಟ್ಟುಹೋಗುತ್ತದೆ.

ಮೂರನೆಯ ಪಯಣಿಗನ ಪ್ರವೇಶ ಐಡಹೋ ಸಂಸ್ಥಾನದಲ್ಲಿ. ಕಾಲ್ಡ್‌ವೆಲ್ ಎಂಬ ಊರನ್ನು ಬಿಟ್ಟು ಸ್ವಲ್ಪ ದೂರ ಹೋದಮೇಲೆ, ಜ್ಯಾಕ್ಸನ್ನನಿಗೆ ತನ್ನ ಕೋಟನ್ನು ಮರೆತುಬಂದದ್ದು ನೆನಪಾಯಿತು. ತಿರುಗಿ ಹೊರಟಾಗ ಒಬ್ಬ ಮನುಷ್ಯ ಅಡ್ಡಬಂದು, ನಾಯಿ ಬೇಕೆ ಎಂದು ಕೇಳಿದ. ಜ್ಯಾಕ್ಸನ್ನನಿಗೆ ಪ್ರಯಾಣದ ಮೊದಲಿನಿಂದಲೂ ಒಂದು ನಾಯಿಯ ಆಸೆ ಇತ್ತು. 15 ಡಾಲರಿಗೆ ವ್ಯಾಪಾರ ಕುದುರಿತು. ಬುಲ್‌ಡಾಗ್ ಜಾತಿಯ, ಗಿಡ್ಡ ಕಾಲಿನ, ಚಪ್ಪಟೆ ಮೋರೆಯ ಆ ನಾಯಿಗೆ ‘ಬಡ್’ ಎಂದು ಹೆಸರಾಯಿತು. ಪತ್ರಿಕೆಗಳಿಗೆ ಇಷ್ಟು ಸರಳವಾದ ಸತ್ಯ ಹಿಡಿಸಲಿಲ್ಲ. ಕದ್ದುತಂದ ನಾಯಿ ಎಂದು ಒಂದು ಬರೆಯಿತು, ಬೀದಿಯಲ್ಲಿ ಬೆನ್ನು ಹತ್ತಿಬಂದ ನಾಯಿ ಎಂದು ಇನ್ನೊಂದು. ಬದುಕಿರುವಾಗಲೇ ಮೂರು ಜನ್ಮವೃತ್ತಾಂತ ಪಡೆಯುವ ಭಾಗ್ಯ ನಮ್ಮ ಕವಿಗಳಲ್ಲಿಯೂ ಎಲ್ಲರಿಗೆ ದೊರೆತಿಲ್ಲ!

ಬಯಲಿನ ಕ್ಷಾರದ ಧೂಳು ಬಡ್‌ನ ಕಣ್ಣನ್ನು ಕೆಂಪಗೆ ಉರಿಸತೊಡಗಿತು. ಗಾಡಿಗೆ ಮುಂದಿನ ಗಾಜಿಲ್ಲವಷ್ಟೆ. ಯಜಮಾನರು ತಾವು ಧರಿಸುತ್ತಿದ್ದಂಥ ದಪ್ಪ ಕನ್ನಡಕವನ್ನು ಅದಕ್ಕೂ ಕಟ್ಟಿದರು. ನಾಯಿ ಅದನ್ನು ಕಿತ್ತೆಸೆಯಲಿಲ್ಲ. ಮುಂದೆ ಕುಳಿತು ದಾರಿಯನ್ನು ದಿಟ್ಟಿಸುತ್ತ, ಹಳ್ಳ-ದಿಣ್ಣೆ ಬಂದಾಗ ಮೊದಲೇ ಮೈ ಬಿಗಿಹಿಡಿಯುವುದನ್ನು ಕಲಿತುಕೊಂಡಿತು. ಇಡೀ ಪ್ರಯಾಣದಲ್ಲಿ ಒಂದು ಬೈಗುಳವನ್ನೂ ಆಡದೆ ಇದ್ದದ್ದು ತಮ್ಮ ಮೂವರಲ್ಲಿ ಅದೊಂದೇ ಎಂದು ಜ್ಯಾಕ್ಸನ್ ನಗೆಯಾಡುತ್ತಿದ್ದನಂತೆ. ಊರು ಬಂದಲ್ಲೆಲ್ಲ ಜನ ಮುತ್ತುತ್ತಿದ್ದರು. ಕನ್ನಡಕದ ನಾಯಿಯ ಚಿತ್ರ ಪತ್ರಿಕೆಗಳಲ್ಲಿ ಬರುತ್ತಿತ್ತು.

ಇಲ್ಲಿ ನನ್ನಂಥ ಹಳೆಯ ಕನ್ನಡ ಮೇಷ್ಟರಿಗೆ ಆತಕೂರಿನ ಕಲ್ಲು ನೆನಪಾಗದೆ ಇರದು. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಆ ಶಾಸನ ಶಕವರ್ಷ 872ಕ್ಕೆ ಸೇರಿದ್ದು. ತಕ್ಕೋಲದ ಯುದ್ಧದಲ್ಲಿ ಮಣಲೇರ ತೋರಿದ ಪರಾಕ್ರಮಕ್ಕೆ ಮೆಚ್ಚಿ ಗಂಗರ ಬೂತುಗ, ಬೇಕಾದ್ದನ್ನು ಕೇಳೆಂದ. ಆ ವೀರ ‘ಕಾಳಿ’ ಎಂಬ ಬೇಟೆನಾಯಿಯನ್ನು ಕೇಳಿ ಪಡೆದ. ಅದು ಹಂದಿಯೊಡನೆ ಹೋರಾಡಿ, ಹಂದಿಯನ್ನು ಕೊಂದು ತಾನೂ ಸತ್ತಿತು. ಅದಕ್ಕೆ ಕಲ್ಲು ನಿಲ್ಲಿಸಿದರು, ಪೂಜೆಗೆಂದು ಭೂಮಿ ಬಿಟ್ಟರು. ಸಾವಿರ ವರ್ಷ ಕಳೆದರೂ ನಾಯಿಯ ಹೆಸರು ಉಳಿದಿದೆ. ಪ್ರಾಣಿಯ ನೆನಪನ್ನು ಕಾಪಾಡುವುದರಲ್ಲಿ ಮನುಷ್ಯ ಎಲ್ಲ ಕಾಲದಲ್ಲಿಯೂ ಉದಾರಿ. ಮನುಷ್ಯನ ನೆನಪಿನ ವಿಷಯಕ್ಕೆ ಬಂದರೆ ಕೈ ಬಿಗಿಯಾಗುತ್ತದೆ. ಅದಕ್ಕೆ ಸಾಕ್ಷಿ ಈ ಕಥೆಯಲ್ಲಿಯೇ ಇದೆ.

ಮತ್ತೆ ಪ್ರಯಾಣಕ್ಕೆ ಬರೋಣ. ಹಣವಿದ್ದ ಕೋಟೊಂದು ಕಳೆದುಹೋಗಿ, ಹೆಂಡತಿಗೆ ತಂತಿ ಕೊಟ್ಟು ಹಣ ತರಿಸಬೇಕಾಯಿತು. ವಯೋಮಿಂಗಿನ ನಿರ್ಜನ ಪ್ರದೇಶದಲ್ಲಿ 36 ಗಂಟೆಗಳ ಕಾಲ ಊಟವಿಲ್ಲದೆ ಅಲೆದು, ಕೊನೆಗೆ ಒಬ್ಬಂಟಿ ಕುರುಬನೊಬ್ಬ ಬಡಿಸಿದ ಕುರಿಮಾಂಸ ಮತ್ತು ಬೇಯಿಸಿದ ಜೋಳದಿಂದ ಜೀವ ಹಿಡಿದರು. ನೆಬ್ರಾಸ್ಕದಲ್ಲಿ ಮಳೆ ಹಿಡಿಯಿತು. ಒಂದೇ ದಿನ ಹದಿನೇಳು-ಹದಿನೆಂಟು ಸಲ ರಾಟೆ-ಹಗ್ಗ ಕಟ್ಟಿ ಗಾಡಿಯನ್ನು ಕೆಸರಿನಿಂದ ಎತ್ತಿದರು. ಜುಲೈ 12ರಂದು ಒಮಾಹ ಮುಟ್ಟಿದಮೇಲೆ ದಾರಿ ಸುಗಮವಾಯಿತು. ಆದರೂ ಬಫಲೋ ನಗರದಾಚೆ, ಕಾಣದ ತಡೆಯೊಂದಕ್ಕೆ ಗಾಡಿ ಬಡಿದು ಮೂವರೂ ನೆಲಕ್ಕೆ ಬಿದ್ದರು; ಅದೃಷ್ಟವಶಾತ್ ಯಾರಿಗೂ ಹೆಚ್ಚು ಪೆಟ್ಟಾಗಲಿಲ್ಲ. ಜುಲೈ 26ರ ಬೆಳಗಿನ ಜಾವ ನಾಲ್ಕೂವರೆಗೆ ‘ವರ್ಮಾಂಟ್’ ನ್ಯೂಯಾರ್ಕ್ ತಲಪಿತು. 63 ದಿನ, 12 ಗಂಟೆ, 30 ನಿಮಿಷ. ಅಮೆರಿಕವನ್ನು ಮೋಟಾರಿನಲ್ಲಿ ಅಡ್ಡಹಾಯ್ದ ಮೊದಲ ಯಾತ್ರೆ ಹೀಗೆ ಮುಗಿಯಿತು. ಒಟ್ಟು ಖರ್ಚು ಗಾಡಿಯ ಬೆಲೆಯೂ ಸೇರಿ 8,000 ಡಾಲರು. ಗೆದ್ದ ಪಂದ್ಯದ 50 ಡಾಲರನ್ನು ಜ್ಯಾಕ್ಸನ್ ವಸೂಲು ಮಾಡಲೇ ಇಲ್ಲ.

ಅನುಮಾನಪಡುವವರು ಎಲ್ಲಿಯೂ ಇರುತ್ತಾರೆ. ನಡುವೆ ಗಾಡಿಯನ್ನು ರೈಲಿಗೆ ಹೇರಿದರೆಂಬ ಪುಕಾರು ಹುಟ್ಟಿತು. ಹಾಗೆಂದು ಸಿದ್ಧಪಡಿಸಿದವರಿಗೆ 10,000 ಡಾಲರು ಕೊಡುವುದಾಗಿ ವಿಂಟನ್ ಕಂಪೆನಿ ಸಾರಿತು. ಯಾರೂ ಬರಲಿಲ್ಲ. ಆ ವರ್ಷವೇ ಪ್ಯಾಕಾರ್ಡ್ ಮತ್ತು ಓಲ್ಡ್ಸ್‌ಮೊಬೀಲ್ ಗಾಡಿಗಳೂ ದೇಶವನ್ನು ದಾಟಿದವು. ಅಸಾಧ್ಯವೆಂದದ್ದು ಒಂದೇ ಬೇಸಿಗೆಯಲ್ಲಿ ಮೂರು ಸಲ ನಡೆದುಹೋಯಿತು. ಜ್ಯಾಕ್ಸನ್ ಊರಿಗೆ ಮರಳಿ ತನ್ನ ಗಾಡಿಮನೆಯ ಹೊಸ್ತಿಲು ದಾಟುವಾಗ, ದಾರಿಯುದ್ದಕ್ಕೂ ಬದಲಾಯಿಸದೆ ಉಳಿದಿದ್ದ ಕೆಲವೇ ಭಾಗಗಳಲ್ಲಿ ಒಂದಾದ ಆ ಸರಪಣಿ ತುಂಡಾಯಿತಂತೆ. ಅದೇ ಅಕ್ಟೋಬರಿನಲ್ಲಿ, ಗಂಟೆಗೆ ಆರು ಮೈಲಿಗಿಂತ ವೇಗವಾಗಿ ಗಾಡಿ ಓಡಿಸಿದನೆಂದು ಅವನ ಊರು ಬರ್ಲಿಂಗ್ಟನ್ನಿನಲ್ಲಿ ಅವನಿಗೆ ಐದು ಡಾಲರು ದಂಡ ಬಿತ್ತು!

ಮುಂದೆ ಜ್ಯಾಕ್ಸನ್ ಮೊದಲ ಮಹಾಯುದ್ಧದಲ್ಲಿ ಸೇವೆ ಸಲ್ಲಿಸಿ ಶೌರ್ಯಪದಕ ಪಡೆದ, ಊರಿನಲ್ಲಿ ಪತ್ರಿಕೆ ನಡೆಸಿದ, 1955ರವರೆಗೆ ಬಾಳಿದ. 1944ರಲ್ಲಿ ‘ವರ್ಮಾಂಟ್’ ಗಾಡಿಯನ್ನು ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಸ್ಥೆಗೆ ದಾನಮಾಡಿದ. ಬಡ್‌ನ ಕನ್ನಡಕವೂ ಆ ಸಂಗ್ರಹದಲ್ಲಿದೆ. ಬಡ್ ತನ್ನ ಆಯುಷ್ಯವನ್ನು ಜ್ಯಾಕ್ಸನ್ ಮನೆಯಲ್ಲಿಯೇ ಸುಖವಾಗಿ ಕಳೆಯಿತು. 2003ರಲ್ಲಿ, ಶತಮಾನದ ನೆನಪಿಗೆ, ಕೆನ್ ಬರ್ನ್ಸ್ ಈ ಯಾತ್ರೆಯನ್ನು ಕುರಿತು ಚಲನಚಿತ್ರ ಮಾಡಿದ. ಅದರ ಹೆಸರಿನಲ್ಲಿ ಇರುವುದು ಹೊರೇಷಿಯೋ.

ಕ್ರಾಕರ್? ಅವನು ಮೋಟಾರಿನಲ್ಲಿ ಇಡೀ ಪ್ರಪಂಚವನ್ನು ಸುತ್ತಬೇಕೆಂದು ಹಣಕ್ಕಾಗಿ ಪ್ರಯತ್ನಿಸಿದ. ಹಣ ಹುಟ್ಟಲಿಲ್ಲ. 1913ರಲ್ಲಿ, ಮೂವತ್ತರ ಹರೆಯ ದಾಟಿ ಹೆಚ್ಚು ಕಾಲವಾಗುವ ಮೊದಲೇ, ತೀರಿಕೊಂಡ. ಅವನ ವಿಷಯ ಹೇಳಲು ಇಷ್ಟೇ ಉಳಿದಿದೆ.

ಇದರಲ್ಲಿ ಯಾರ ಅನ್ಯಾಯವೂ ಇಲ್ಲವೆಂದು ಹೇಳಬಹುದು. ಜ್ಯಾಕ್ಸನ್ ಅವನ ಹೆಸರನ್ನು ಮುಚ್ಚಿಡಲಿಲ್ಲ. ಬಡ್ ಅಂತೂ ನಿರ್ದೋಷಿ. ತೊಡಕಿರುವುದು ಆ ಕೆಲಸದ ಸ್ವಭಾವದಲ್ಲಿಯೇ. ಪಂದ್ಯ ಕಟ್ಟಿದ್ದನ್ನು ಬರೆದಿಡಬಹುದು. ಕನ್ನಡಕವನ್ನು ಗಾಜಿನ ಪೆಟ್ಟಿಗೆಯಲ್ಲಿಡಬಹುದು. ದುರಸ್ತಿಯನ್ನು ಎಲ್ಲಿಡುವುದು? ಚೆನ್ನಾಗಿ ಆದ ದುರಸ್ತಿ ಕಣ್ಣಿಗೆ ಬೀಳುವುದಿಲ್ಲ. ಗಾಡಿ ಮುಂದೆ ಹೋಯಿತು ಎಂಬುದೊಂದೇ ಅದರ ಗುರುತು. ಬೇಲೂರಿನ ರೂವಾರಿ ದಾಸೋಜ ತನ್ನ ಶಿಲ್ಪದಡಿಯಲ್ಲಿ ಹೆಸರು ಕೊರೆದ, ನಾವು ಓದುತ್ತೇವೆ. ಸವೆದ ಗಾಲಿಗೆ ರಾತ್ರಿಯಲ್ಲಿ ಗುಂಡು ಹಾಕಿದವನು ಹೆಸರನ್ನು ಯಾವುದರ ಮೇಲೆ ಕೊರೆಯಬೇಕು?

ಆ ಪ್ರಯಾಣದ ಛಾಯಾಚಿತ್ರಗಳಲ್ಲಿ ನಮ್ಮ ಕಣ್ಣು ಮೊದಲು ನಾಯಿಯ ಮೇಲೆ ಬೀಳುತ್ತದೆ, ಅದು ಸಹಜ. ಆಮೇಲೆ ಯಜಮಾನನನ್ನು ಹುಡುಕುತ್ತದೆ. ಇನ್ನೊಂದು ಕ್ಷಣ ಅಲ್ಲೇ ನಿಂತು, ಪಕ್ಕದಲ್ಲಿರುವ ಆ ತರುಣನನ್ನೂ ನೋಡಬೇಕೆಂದು ನನ್ನ ಬಿನ್ನಹ. ನಾಲ್ಕೂವರೆ ಸಾವಿರ ಮೈಲಿಯ ಆ ದಾರಿ ಸಾಗಿದ್ದು ಅವನ ಕೈಯಿಂದ.