ಚರ್ಚ್‌ಗೇಟ್‌ನ ಚಾ-ಚಾ-ಚಾ: ಲೋರ್ನಾ ಹಾಡು, ಲೋರ್ನಾ ಮೌನ

ಇವತ್ತು ಚರ್ಚ್‌ಗೇಟ್ ಸ್ಟೇಷನ್ ಪಕ್ಕದ ರಸ್ತೆಗೆ ಹೋಗೋಣ. ಈಗ ವೀರ್ ನರಿಮನ್ ರೋಡ್ ಅಂತೀವಲ್ಲ, ಅಲ್ಲಿ 1960ರ ದಶಕದಲ್ಲಿ ಸಂಜೆಯಾದರೆ ಹೋಟೆಲು ಹೋಟೆಲಲ್ಲೂ ಬ್ಯಾಂಡ್. ಆಸ್ಟೋರಿಯಾ ಹೋಟೆಲಿನ ವೆನಿಸ್ ಕ್ಲಬ್ಬಿನಲ್ಲಿ ಟ್ರಂಪೆಟ್ ಊದುತ್ತಿದ್ದವರು ಮಡಗಾಂವ್ ಮೂಲದ ಕ್ರಿಸ್ ಪೆರ್ರಿ. ಜಾಝ್ ಹಾಡುತ್ತಿದ್ದವರು ಲೋರ್ನಾ ಕೊರ್ಡೇರೊ.

ಗೋವಾದ ಚರ್ಚ್ ಶಾಲೆಗಳಲ್ಲಿ ಮಕ್ಕಳಿಗೆ ಪಿಟೀಲು, ನೊಟೇಶನ್ ಓದೋದು ಎರಡನ್ನೂ ಕಲಿಸುತ್ತಿದ್ದರು. ಹಾಗಾಗಿ ಬೊಂಬಾಯಿಯ ಡ್ಯಾನ್ಸ್ ಬ್ಯಾಂಡು, ಹಿಂದಿ ಸಿನಿಮಾ ಆರ್ಕೆಸ್ಟ್ರಾ ಎಲ್ಲಿ ನೋಡಿದರೂ ಗೋವಾದವರೇ. ಅಮೆರಿಕದ ಜಾಝ್ ಜೊತೆಗೆ ಕ್ಯೂಬಾದ ಚಾ-ಚಾ-ಚಾ ಕೂಡ ಈ ಕ್ಲಬ್ಬುಗಳಿಗೆ ಬಂತು. 1950ರ ದಶಕದ ಆರಂಭದಲ್ಲಿ ಎನ್ರಿಕೆ ಹೊರ್ರಿನ್ ರೂಪಿಸಿದ ತಾಳ ಇದು. ಕುಣಿಯುವವರ ಕಾಲು ನೆಲಕ್ಕೆ ಉಜ್ಜುವ ಸದ್ದೇ ಅದರ ಹೆಸರು. ಪೆರ್ರಿ ಮಾಡಿದ ದೊಡ್ಡ ಕೆಲಸ ಏನಪ್ಪಾ ಅಂದ್ರೆ, ಈ ತಾಳದ ಮೇಲೆ ಕೊಂಕಣಿ ಪ್ರೇಮಗೀತೆ ಕೂರಿಸಿದ್ದು. 'ಚಾ-ಚಾ-ಚಾ ದೊರೆ' ಅನ್ನೋ ಬಿರುದೇ ಬಂತು ಅವರಿಗೆ. ಆದರೆ ಆ ಹಾಡುಗಳು ಮನೆಮನೆಗೆ ಮುಟ್ಟಿದ್ದು ಲೋರ್ನಾ ಗಂಟಲಿನಿಂದ. 'ಪಿಸ್ಸೊ', 'ಬೆಬ್ದೊ' ಅಂದ್ರೆ ಮಂಗಳೂರು ಕಡೆಯವರಿಗೆ ನಾನು ಅರ್ಥ ಹೇಳಬೇಕಿಲ್ಲ. ಉಳಿದವರಿಗೆ: ಹುಚ್ಚ, ಕುಡುಕ. ನಯವಾದ ಸಿನಿಮಾ ದನಿ ಅಲ್ಲ ಅವರದ್ದು. ತುಂಬು ಗಂಟಲು, ಸ್ವಲ್ಪ ಒರಟು, ಪ್ರೀತಿಯನ್ನೂ ಜಗಳದ ಹಾಗೆ ಹಾಡುವ ಧೈರ್ಯ.

1970ರ ದಶಕದ ಶುರುವಿನಲ್ಲಿ ಆ ದನಿ ನಿಂತುಹೋಯಿತು. ಇಬ್ಬರೂ ಬೇರೆಯಾದರು. ಪೆರ್ರಿ ಬಿಟ್ಟು ಬೇರೆ ಯಾರ ಜೊತೆಗೂ ಹಾಡಬಾರದು ಅಂತ 20 ವರ್ಷದ ಕರಾರಿಗೆ ಲೋರ್ನಾ ಸಹಿ ಹಾಕಿದ್ದರು ಅಂತ ಅವರ ಬಗ್ಗೆ ಬರೆದವರು ಹೇಳುತ್ತಾರೆ. ನಾವು ಎರಡು ವರ್ಷದ ಬಾಂಡ್‌ಗೇ ಒದ್ದಾಡ್ತೀವಿ ಮಾರಾಯ್ರೆ! ರಾಗ ಕಟ್ಟಿದವರದ್ದು ಅನ್ನೋದು ನಾನೂ ಒಪ್ತೀನಿ. ಆದರೆ ಗಂಟಲು ಯಾರದ್ದು?

ಸುಮಾರು 24 ವರ್ಷ ಮೌನ. ಕ್ಯಾಸೆಟ್‌ಗಳಲ್ಲಿ ಲೋರ್ನಾ ಹಾಡ್ತಾನೇ ಇದ್ದರು, ವೇದಿಕೆಯಲ್ಲಿ ಮಾತ್ರ ಇರಲಿಲ್ಲ. ಕೊನೆಗೆ 1995ರಲ್ಲಿ ಸಂಗೀತಗಾರ ರಾನಿ ಮೊನ್ಸೆರಾತ್ ಜೊತೆ ಸೇರಿ 'ಹಲೋ ಲೋರ್ನಾ' ಆಲ್ಬಂ ತಂದರು, ಗೋವಾದಲ್ಲಿ ಮತ್ತೆ ಮೈಕ್ ಹಿಡಿದರು. ಪೆರ್ರಿ ತೀರಿಕೊಂಡಿದ್ದು 2002ರಲ್ಲಿ.

ಇವರಿಬ್ಬರ ಬದುಕನ್ನು ಆಧರಿಸಿ ಬಾರ್ದ್ರಾಯ್ ಬಾರೆಟ್ಟೊ 2014ರಲ್ಲಿ 'ನಾಚೊಂಯಾ ಕುಂಪಸಾರ್' ಸಿನಿಮಾ ಮಾಡಿದರು. 'ತಾಳಕ್ಕೆ ಕುಣಿಯೋಣ' ಅಂತ ಅರ್ಥ. ಪೆರ್ರಿಯ ಹಳೆ ಹಾಡುಗಳೇ ಅದರ ಜೀವಾಳ. ಅತ್ಯುತ್ತಮ ಕೊಂಕಣಿ ಚಿತ್ರ ಅಂತ ರಾಷ್ಟ್ರಪ್ರಶಸ್ತಿಯೂ ಬಂತು. ಕೊಂಕಣಿ ಬಾರದಿದ್ದರೂ ನೋಡಬಹುದು. ಮೊದಲು ಮಾತ್ರ 'ಬೆಬ್ದೊ' ಹಾಕಿ, ಹೆಡ್‌ಫೋನ್ ಬೇಡ, ಸ್ಪೀಕರ್‌ನಲ್ಲೇ ಕೇಳಿ.