ಮೊಳೆಯಿಲ್ಲದ ಬಂಡಿ, ಪಾಲಿನ ಕರಡಿ

ಇನ್ಯೂಟ್ ಜನರ ಜಾರುಬಂಡಿ ಕಮುಟಿಕ್‌ಗೆ ಮೊಳೆ ಹೊಡೆಯುವುದಿಲ್ಲ. ಅಡ್ಡಪಟ್ಟಿಗಳನ್ನು ಹಗ್ಗದಿಂದ ಬಿಗಿಯುತ್ತಾರೆ. ಹೆಪ್ಪುಗಟ್ಟಿದ ಕಡಲಿನ ಉಬ್ಬುತಗ್ಗುಗಳಲ್ಲಿ ಅದು ಬಳುಕುತ್ತದೆ, ಮುರಿಯುವುದಿಲ್ಲ.

1970ರಲ್ಲಿ ಇನ್ಯೂಟರು ನೆಲೆಸಿರುವ ಕೆನಡಾದ ಉತ್ತರ ಭಾಗದಲ್ಲಿ ಹೊರಗಿನವರಿಗೂ ಹಿಮಕರಡಿ ಬೇಟೆಗೆ ಅವಕಾಶ ಸಿಕ್ಕಿತು. ಆದರೆ ಸ್ಥಳೀಯ ಮಾರ್ಗದರ್ಶಕ ಜೊತೆಗಿರಬೇಕು, ನಾಯಿಗಳು ಎಳೆಯುವ ಇಂಥ ಬಂಡಿಯಲ್ಲೇ ಹೋಗಬೇಕು. ಪರವಾನಗಿ ಬರುವುದು ಇನ್ಯೂಟ್ ಊರಿಗೆ ಗೊತ್ತುಮಾಡಿದ ಬೇಟೆಯ ಪಾಲಿನಿಂದಲೇ: ಅತಿಥಿಗೆ ಒಂದು ಕೊಟ್ಟರೆ ಊರವರಿಗೆ ಒಂದು ಕಡಿಮೆ. ಚರ್ಮ ಅತಿಥಿಗೆ, ಮಾಂಸ ಸಾಮಾನ್ಯವಾಗಿ ಊರಿಗೆ. ದುಡ್ಡು ಯಾರದೇ ಇರಲಿ, ಮಂಜಿನ ಮೇಲೆ ನಡೆಯುವುದು ಮಾರ್ಗದರ್ಶಕನ ಮಾತೇ.

2008ರಲ್ಲಿ ಅಮೆರಿಕ ಹಿಮಕರಡಿಯನ್ನು ಅಪಾಯದಲ್ಲಿರುವ ಪ್ರಾಣಿಗಳ ಪಟ್ಟಿಗೆ ಸೇರಿಸಿ, ಬೇಟೆಯ ಚರ್ಮವನ್ನು ಒಳತರುವುದನ್ನು ನಿಲ್ಲಿಸಿತು. ಅಲ್ಲಿಯವರೆಗೆ ಬೇಟೆಗೆ ಬರುತ್ತಿದ್ದ ಗಿರಾಕಿಗಳಲ್ಲಿ ಹೆಚ್ಚಿನವರು ಅಮೆರಿಕದವರೇ ಆಗಿದ್ದರು. ಆದಾಯ ಕುಗ್ಗಿತು, ಊರವರ ಸ್ವಂತ ಬೇಟೆ ಮುಂದುವರಿಯಿತು.